ರಾಯಚೂರಿನ ನಲ್ಲಿ ಮತ್ತು ಐದು ಲಕ್ಷದ ಕಾರ್ಡು

2022ರ ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಎರಡು ಸಂಗತಿಗಳು ನಡೆದವು. ತಿಂಗಳ ನಡುವೆ, ತಮ್ಮ ಜಿಲ್ಲೆಗೆ ಏಮ್ಸ್ ಆಸ್ಪತ್ರೆ ಬೇಕೆಂದು ಜನ ಧರಣಿ ಕುಳಿತರು. ಆ ಧರಣಿ ಸಾವಿರ ದಿನ ದಾಟಿತು. ತಿಂಗಳ ಕೊನೆಗೆ, ನಗರಸಭೆಯ ನಲ್ಲಿಯಲ್ಲಿ ಬಂದ ನೀರು ಕುಡಿದವರು ವಾಂತಿಭೇದಿ ಹತ್ತಿ ಆಸ್ಪತ್ರೆ ಸೇರತೊಡಗಿದರು. ನೋಡನೋಡುತ್ತ ಹಲವರು ಸತ್ತರು. ನೀರು ಶುದ್ಧೀಕರಣ ಘಟಕವನ್ನು ವರ್ಷಗಟ್ಟಲೆ ಸರಿಯಾಗಿ ಶುಚಿ ಮಾಡಿರಲಿಲ್ಲ ಎಂಬುದು ಆಮೇಲೆ ಬಯಲಿಗೆ ಬಂತು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ರಾಯಚೂರು. ಎರಡು ನದಿಗಳ ನಡುವಿನ ಊರಿನಲ್ಲಿ ಕುಡಿಯುವ ನೀರಿನಿಂದಲೇ ಹೆಣ ಬಿದ್ದವು.

ಮರುವರ್ಷ, 2023ರ ಆಗಸ್ಟಿನಲ್ಲಿ, ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಇದೇ ಮರುಕಳಿಸಿತು. ದಲಿತರೇ ಹೆಚ್ಚಾಗಿರುವ ಕೇರಿ. ಮತ್ತೆ ನಲ್ಲಿಯ ನೀರು, ಮತ್ತೆ ಸಾವು, ಮತ್ತೆ ಪರಿಹಾರದ ಘೋಷಣೆ, ಮತ್ತೆ ತನಿಖೆ.

ಈ ಎರಡೂ ಊರುಗಳಲ್ಲಿ ಸತ್ತವರ ಮನೆಯ ಗೂಟಕ್ಕೆ ನೇತುಹಾಕಿದ ಚೀಲದಲ್ಲಿ ಒಂದು ಕಾರ್ಡು ಇದ್ದಿರಬಹುದು. 2018ರಲ್ಲಿ ಬಂದ 'ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ' ಯೋಜನೆಯ ಕಾರ್ಡು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಖರ್ಚು ಉಚಿತ. ಎಪಿಎಲ್ ಕುಟುಂಬಕ್ಕೆ ಶೇಕಡಾ 30ರಷ್ಟು, ಒಂದೂವರೆ ಲಕ್ಷದ ಮಿತಿಯಲ್ಲಿ. ಯಾರೂ ಬೇಡವೆನ್ನಲಾಗದ ಯೋಜನೆ. ಹೃದಯದ ಶಸ್ತ್ರಚಿಕಿತ್ಸೆಗೋ ಕ್ಯಾನ್ಸರಿಗೋ ಈ ಕಾರ್ಡು ಹಿಡಿದು ಬದುಕಿ ಬಂದವರು ನಮ್ಮ ನಿಮ್ಮ ನಡುವೆಯೇ ಇದ್ದಾರೆ. ಆದರೆ ಒಂದು ಸರಳ ಪ್ರಶ್ನೆಯನ್ನು ಕೇಳಿಕೊಳ್ಳೋಣ: ನಗರಸಭೆಯ ನಲ್ಲಿಯಲ್ಲಿ ರೋಗವನ್ನು ಮನೆ ಮನೆಗೆ ಹರಿಸಿ, ಆಮೇಲೆ ಆ ರೋಗದ ಚಿಕಿತ್ಸೆಗೆ ಐದು ಲಕ್ಷದ ಕಾರ್ಡು ಹಂಚುವ ಸರಕಾರವನ್ನು ನಾವು ಏನೆಂದು ಕರೆಯಬೇಕು?

ನಮ್ಮಲ್ಲಿ ಆರೋಗ್ಯವೆಂದರೆ ಆಸ್ಪತ್ರೆ, ಆಸ್ಪತ್ರೆಯೆಂದರೆ ದೊಡ್ಡ ಕಟ್ಟಡ, ದೊಡ್ಡ ಕಟ್ಟಡವೆಂದರೆ ದೊಡ್ಡ ಬಿಲ್ಲು, ಆ ಬಿಲ್ಲಿಗೊಂದು ಕಾರ್ಡು ಎಂಬ ತಿಳುವಳಿಕೆ ಗಟ್ಟಿಯಾಗಿಬಿಟ್ಟಿದೆ. ಇದು ತಾನಾಗಿ ಬಂದ ತಿಳುವಳಿಕೆಯೇನಲ್ಲ. ಕಳೆದ ಮೂರು ದಶಕಗಳ ಖಾಸಗೀಕರಣ ಇದನ್ನು ನಮ್ಮ ತಲೆಯಲ್ಲಿ ಬಿತ್ತಿ ಬೆಳೆಸಿದೆ. ಇದನ್ನು ಪ್ರಶ್ನಿಸದೆ ನಾವು ಇನ್ನೆಷ್ಟು ಕಾರ್ಡು ಪಡೆದರೂ ಸಾಯುವವರು ಸಾಯುತ್ತಲೇ ಇರುತ್ತಾರೆ.

ಮದ್ದಿಗಿಂತ ಮೊದಲು ನೀರು, ಅನ್ನ

ರೋಗ ಎಲ್ಲಿ ಹುಟ್ಟುತ್ತದೆ ಎಂಬುದು ಹೊಸ ಸಂಶೋಧನೆಯ ವಿಷಯವೇನಲ್ಲ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಎಂಬ ವೈದ್ಯ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸುತ್ತಾ ಹೋದ. ಹೆಚ್ಚಿನ ಗುರುತುಗಳು ಒಂದು ನೀರಿನ ಪಂಪಿನ ಸುತ್ತ ಮುತ್ತಿಕೊಂಡಿದ್ದವು. ಅವನ ಮಾತು ಕೇಳಿ ಅಧಿಕಾರಿಗಳು ಪಂಪಿನ ಹಿಡಿ ಕಳಚಿಸಿದರು. ಆಗಿನ್ನೂ ಕಾಲರಾದ ರೋಗಾಣುವನ್ನು ವೈದ್ಯಲೋಕ ಒಪ್ಪಿರಲಿಲ್ಲ, ಮದ್ದೂ ಇರಲಿಲ್ಲ. ಆದರೂ ಏನು ಮಾಡಬೇಕೆಂಬುದು ಗೊತ್ತಾಗಿತ್ತು. ರಾಯಚೂರಿನಲ್ಲಿ ಜನ ಸತ್ತದ್ದು ಇದಾಗಿ 168 ವರ್ಷಗಳ ನಂತರ. ನಮಗೆ ರೋಗಾಣುವಿನ ವಂಶಾವಳಿಯೇ ಗೊತ್ತಿದೆ. ಗೊತ್ತಿಲ್ಲದ್ದು ನೀರಿನ ತೊಟ್ಟಿ ತೊಳೆಯುವುದು ಮಾತ್ರ.

ಜಾನ್ ಸ್ನೋಗಿಂತ ಆರು ವರ್ಷ ಮುಂಚೆ, 1848ರಲ್ಲಿ, ಜರ್ಮನಿಯ ರುಡಾಲ್ಫ್ ವಿರ್ಶೋವನ್ನು ಪ್ರಷ್ಯದ ಸರಕಾರ ಸೈಲೇಶಿಯ ಎಂಬ ಬಡ ಪ್ರಾಂತಕ್ಕೆ ಟೈಫಸ್ ಜ್ವರದ ಕಾರಣ ಹುಡುಕಲು ಕಳುಹಿಸಿತು. ಔಷಧದ ಪಟ್ಟಿ ತರುತ್ತಾನೆಂದು ಕಾದಿದ್ದ ಸರಕಾರಕ್ಕೆ ಆತ ಕೊಟ್ಟ ವರದಿಯಲ್ಲಿ ಇದ್ದದ್ದು ಬೇರೆ: ಅಲ್ಲಿನ ಜನರಿಗೆ ಶಿಕ್ಷಣ ಕೊಡಿ, ಸ್ವಾತಂತ್ರ್ಯ ಕೊಡಿ, ತೆರಿಗೆಯ ಭಾರವನ್ನು ಬಡವರ ತಲೆಯಿಂದ ಇಳಿಸಿ. ಸರಕಾರಕ್ಕೆ ಈ ಮದ್ದು ಹಿಡಿಸಲಿಲ್ಲ. ಯಾವ ಸರಕಾರಕ್ಕೂ ಹಿಡಿಸುವುದಿಲ್ಲ.

ನಮ್ಮ ಕಾಲದ, ನಮ್ಮ ಹತ್ತಿರದ ಉದಾಹರಣೆ ಬೇಕಾದರೆ ಕ್ಷಯರೋಗವನ್ನು ನೋಡಿ. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡಿನಲ್ಲಿ ಒಂದು ಪ್ರಯೋಗ ನಡೆಸಿತು. ಕ್ಷಯರೋಗಿಗಳಿರುವ ಕೆಲವು ಮನೆಗಳಲ್ಲಿ ರೋಗಿಗೆ ಮಾತ್ರ, ಇನ್ನು ಕೆಲವು ಮನೆಗಳಲ್ಲಿ ರೋಗಿಯ ಜೊತೆ ಉಳಿದವರಿಗೂ ಪ್ರತಿ ತಿಂಗಳು ಅಕ್ಕಿ, ಬೇಳೆ ಮುಂತಾದ ರೇಶನ್ ಕೊಟ್ಟರು. 2023ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಮನೆಮಂದಿಗೂ ಆಹಾರ ಸಿಕ್ಕಿದ ಕುಟುಂಬಗಳಲ್ಲಿ ಹೊಸದಾಗಿ ಕ್ಷಯ ಹತ್ತುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ಹರಡುವ ಬಗೆಯ ಶ್ವಾಸಕೋಶದ ಕ್ಷಯವಂತೂ ಶೇಕಡಾ 48ರಷ್ಟು. ಅಕ್ಕಿ ಬೇಳೆಗಳು ಲಸಿಕೆಯ ಕೆಲಸ ಮಾಡಿದ್ದವು.

'ಪುಕ್ಕಟೆ ಅಕ್ಕಿ ಕೊಟ್ಟು ಜನರನ್ನು ಸೋಮಾರಿ ಮಾಡಿದರು' ಎಂದು 2013ರಿಂದ ಅನ್ನಭಾಗ್ಯದ ಬಗ್ಗೆ ಗೊಣಗುತ್ತಿರುವ ಸುಶಿಕ್ಷಿತರು ಈ ಪ್ರಯೋಗವನ್ನೊಮ್ಮೆ ಓದಬೇಕು. ಅವರು ಹಗುರವಾಗಿ ಕಾಣುವ ಆ ಅಕ್ಕಿ ಈ ರಾಜ್ಯದ ಬಲುದೊಡ್ಡ ಆರೋಗ್ಯ ಕಾರ್ಯಕ್ರಮಗಳಲ್ಲಿ ಒಂದು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಶಾಲೆಯ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಬೀದಿಗಿಳಿಯುವ ಬೆದರಿಕೆ ಹಾಕಿದರು. ಆದರೆ ಮೊಟ್ಟೆ ಬೇಕು ಎಂದದ್ದು ಅಲ್ಲಿನ ಶಾಲೆಯ ಮಕ್ಕಳೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಇದು ಅರ್ಧಕ್ಕಿಂತ ಹೆಚ್ಚು. ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಇವರಿಗೆ ಯಾವ ಶಸ್ತ್ರಚಿಕಿತ್ಸೆ ಮಾಡುತ್ತೀರಿ? ಯಾವ ಪ್ಯಾಕೇಜಿನಲ್ಲಿ ಸೇರಿಸುತ್ತೀರಿ?

ನೆರೆಮನೆಯ ಕಕ್ಕಸು

ಭಾರತದ ಮುಸ್ಲಿಮರ ಬಗ್ಗೆ ಒಂದು ಒಗಟು ಬಹುಕಾಲ ಸಂಶೋಧಕರನ್ನು ಕಾಡಿತ್ತು. ಸಂಪತ್ತಿನಲ್ಲಿ, ಶಿಕ್ಷಣದಲ್ಲಿ, ಸರಕಾರಿ ಸೌಲಭ್ಯದಲ್ಲಿ ಮುಸ್ಲಿಮರು ಹಿಂದೂಗಳಿಗಿಂತ ಹಿಂದೆ. ಹಾಗಿದ್ದೂ ಮುಸ್ಲಿಮ್ ಮನೆಯ ಕೂಸು ಮೊದಲ ಹುಟ್ಟುಹಬ್ಬ ಕಾಣುವ ಸಾಧ್ಯತೆ ಹೆಚ್ಚು. 2006ರ ಸಾಚಾರ್ ಸಮಿತಿ ವರದಿಯೂ ಶಿಶುಮರಣದ ಈ ವ್ಯತ್ಯಾಸವನ್ನು ದಾಖಲಿಸಿದೆ. ಕಾರಣ ಧರ್ಮವೇ? ಆಹಾರವೇ? ತಾಯಂದಿರ ಆರೈಕೆಯೇ?

ಮೈಕೆಲ್ ಗೆರುಸೊ ಮತ್ತು ಡೀನ್ ಸ್ಪಿಯರ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಉತ್ತರ ಹೇಳಿತು. ಈ ಲಾಭ ಮುಸ್ಲಿಮ್ ಕುಟುಂಬದ ಒಳಗಿಂದ ಬಂದದ್ದಲ್ಲ, ನೆರೆಹೊರೆಯಿಂದ ಬಂದದ್ದು. ಬಯಲಿಗೆ ಹೋಗುವವರ ಪ್ರಮಾಣ ಮುಸ್ಲಿಮರಲ್ಲಿ ಕಡಿಮೆ, ಮನೆಯಲ್ಲಿ ಕಕ್ಕಸು ಬಳಸುವವರು ಹೆಚ್ಚು. ಮುಸ್ಲಿಮರು ಒತ್ತಾಗಿ ವಾಸಿಸುವುದರಿಂದ ಆ ಕೇರಿಯ ನೆಲ, ನೀರು ಅಷ್ಟರಮಟ್ಟಿಗೆ ಮಲಿನವಾಗುವುದಿಲ್ಲ. ಆ ಕೇರಿಯಲ್ಲಿ ವಾಸಿಸುವ ಹಿಂದೂ ಮನೆಯ ಮಗುವಿಗೂ ಇದೇ ರಕ್ಷಣೆ ಸಿಗುತ್ತದೆ. ಬಯಲು ಶೌಚದ ಊರಿನಲ್ಲಿರುವ ಮುಸ್ಲಿಮ್ ಮನೆಯ ಮಗುವಿಗೆ ಸಿಗುವುದಿಲ್ಲ.

ಇದನ್ನು ಓದಿ ಎದೆಯುಬ್ಬಿಸಿಕೊಳ್ಳುವ ಅಗತ್ಯವೇನೂ ಇಲ್ಲ. ಇದರಲ್ಲಿ ಇರುವುದು ಸಾರ್ವಜನಿಕ ಆರೋಗ್ಯದ ಮೊದಲ ಪಾಠ. ನನ್ನ ಮಗುವಿನ ಜೀವ ನನ್ನ ಮನೆಯ ಕಕ್ಕಸಿನಿಂದ ಮಾತ್ರ ಉಳಿಯುವುದಿಲ್ಲ. ನೆರೆಯವನ ಕಕ್ಕಸಿನಿಂದ ಉಳಿಯುತ್ತದೆ. ನೆರೆಯವನು ಯಾವ ಜಾತಿ, ಯಾವ ಧರ್ಮ ಎಂದು ರೋಗಾಣು ಕೇಳುವುದಿಲ್ಲ. ಹಾಗಿರುವಾಗ ಆರೋಗ್ಯವನ್ನು ಪ್ರತಿಯೊಬ್ಬನೂ ತನ್ನ ಕಿಸೆಯಿಂದ ಕೊಳ್ಳುವ ಸರಕು ಎಂದು ಸಾಧಿಸುವುದು ವಿಜ್ಞಾನಕ್ಕೂ ವಿರುದ್ಧ, ನೆರೆಹೊರೆಯ ಧರ್ಮಕ್ಕೂ ವಿರುದ್ಧ.

ಇದರ ಇನ್ನೊಂದು ಮುಖವೂ ಇದೆ. ಮುಸ್ಲಿಮರು ಹೆಚ್ಚಾಗಿರುವ ಊರುಗಳಲ್ಲಿ ವೈದ್ಯಕೀಯ ಸೌಲಭ್ಯ ಕಡಿಮೆ ಎಂಬುದನ್ನೂ ಸಾಚಾರ್ ಸಮಿತಿ ಹೇಳಿತ್ತು. ದೇಶದ ಹದಿನೈದು ಲಕ್ಷ ಸಣ್ಣ ಸಣ್ಣ ವಾಸಪ್ರದೇಶಗಳ ಮಾಹಿತಿ ಕಲೆಹಾಕಿದ ಈಚಿನ ಅಧ್ಯಯನವೊಂದು, ಒಂದೇ ನಗರದೊಳಗೆ ಮುಸ್ಲಿಮರ ಮತ್ತು ದಲಿತರ ಬೀದಿಗಳಿಗೆ ಸರಕಾರಿ ಶಾಲೆ, ಆಸ್ಪತ್ರೆ, ನೀರು, ಚರಂಡಿಗಳು ಉಳಿದ ಬೀದಿಗಳಿಗಿಂತ ಕಡಿಮೆ ತಲುಪಿವೆ ಎಂದು ತೋರಿಸಿದೆ. ನಗರಸಭೆಯ ಕಸದ ಗಾಡಿ ಯಾವ ತಿರುವಿನಲ್ಲಿ ಹಿಂದಕ್ಕೆ ಹೋಗುತ್ತದೆ ಎಂಬುದನ್ನು ನಮ್ಮ ಮೊಹಲ್ಲಾಗಳಲ್ಲಿ, ದಲಿತ ಕೇರಿಗಳಲ್ಲಿ ವಾಸಿಸುವವರಿಗೆ ಸಂಶೋಧನೆ ಮಾಡಿ ಹೇಳಬೇಕಾಗಿಲ್ಲ.

ದುಡಿಮೆಯ ಜಾಗವೂ ಹೀಗೆಯೇ. ದಕ್ಷಿಣ ಕನ್ನಡದಲ್ಲಿ ಬ್ಯಾರಿ, ಬಿಲ್ಲವ ಮೊದಲಾದ ಸಮುದಾಯಗಳ ಸಾವಿರಾರು ಹೆಂಗಸರು ಹತ್ತಾರು ವರ್ಷ ಬೀಡಿ ಕಟ್ಟಿ ಮನೆ ನಡೆಸಿದ್ದಾರೆ. ಬೆಳಗಿನಿಂದ ಸಂಜೆಯವರೆಗೆ ಬೆನ್ನು ಬಾಗಿಸಿ, ಹೊಗೆಸೊಪ್ಪಿನ ಧೂಳು ಉಸಿರಾಡುತ್ತ, ಅದೇ ಕೋಣೆಯಲ್ಲಿ ಮಗುವನ್ನು ಮಲಗಿಸಿಕೊಂಡು. ಬೀಡಿಯ ಮೇಲಿನ ಸೆಸ್ಸಿನಿಂದ 1976ರ ಕಾನೂನಿನಡಿ ಬೀಡಿ ಕಾರ್ಮಿಕರ ಕಲ್ಯಾಣನಿಧಿ ನಡೆಯುತ್ತಿತ್ತು. ಅವರ ಚಿಕಿತ್ಸಾಲಯಗಳಿಗೆ ಆ ಹಣ ಹೋಗುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸು ರದ್ದಾಯಿತು. ಕೆಮ್ಮು, ಬೆನ್ನುನೋವು ಮಾತ್ರ ರದ್ದಾಗಲಿಲ್ಲ.

ಕಾರ್ಡಿನ ರಾಜಕಾರಣ

ಇಷ್ಟೆಲ್ಲ ಗೊತ್ತಿದ್ದೂ ಸರಕಾರಗಳು ಕಾರ್ಡನ್ನೇ ಏಕೆ ಹಂಚುತ್ತವೆ? ಕಾರ್ಡಿಗೆ ಒಂದು ಗುಣವಿದೆ. ಅದರ ಮೇಲೆ ನಾಯಕರ ಫೋಟೋ ಅಚ್ಚು ಹಾಕಬಹುದು. ಚರಂಡಿಯ ಮೇಲೆ ಹಾಕಲಾಗುವುದಿಲ್ಲ.

2003ರಲ್ಲಿ ಸಹಕಾರಿ ಸಂಘಗಳ ರೈತರಿಗೆ ವರ್ಷಕ್ಕೆ 60 ರೂಪಾಯಿಯ ಯಶಸ್ವಿನಿ ಬಂತು. 2008ರಲ್ಲಿ ಕೇಂದ್ರದಿಂದ 30 ಸಾವಿರದ ಸ್ವಾಸ್ಥ್ಯ ಬಿಮಾ ಬಂತು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. 2018ರಲ್ಲಿ ಎಲ್ಲವೂ ಕೂಡಿ ಐದು ಲಕ್ಷವಾಯಿತು. ಪಕ್ಷಗಳು ಬದಲಾದವು, ಕಾರ್ಡಿನ ಬಣ್ಣ ಬದಲಾಯಿತು, ದಾರಿ ಬದಲಾಗಲಿಲ್ಲ. ಜನರ ತೆರಿಗೆ ಹಣ ಸರಕಾರಿ ಖಜಾನೆಯಿಂದ ಹೊರಟು, ರೋಗಿಯ ಹೆಸರಿನಲ್ಲಿ, ಅದರ ದೊಡ್ಡ ಪಾಲು ಖಾಸಗಿ ಆಸ್ಪತ್ರೆಯ ಖಾತೆಗೆ ಸೇರುವ ದಾರಿ ಅದು.

ಈ ಕಾರ್ಡು ಆಸ್ಪತ್ರೆಯಲ್ಲಿ ಮಲಗಿದವರಿಗೆ. ಸಕ್ಕರೆ ಕಾಯಿಲೆಯ ಮಾತ್ರೆಗೆ, ಬಿಪಿ ಮಾತ್ರೆಗೆ, ವಾರಕ್ಕೊಮ್ಮೆ ಡಾಕ್ಟರನ್ನು ಕಾಣುವುದಕ್ಕೆ ಅಲ್ಲ. ಆದರೆ ಬಡವನ ಕಿಸೆ ಸೋರುವುದು ಅಲ್ಲೇ. ಜನರ ಕೈಯಿಂದ ನೇರವಾಗಿ ಹೋಗುವ ವೈದ್ಯಕೀಯ ಖರ್ಚಿನಲ್ಲಿ ಔಷಧದ ಪಾಲೇ ದೊಡ್ಡದು. ಹೀಗೆ ಜನರೇ ಭರಿಸುವ ಖರ್ಚು ದೇಶದ ಒಟ್ಟು ಆರೋಗ್ಯವೆಚ್ಚದಲ್ಲಿ 2013-14ರಲ್ಲಿ ಶೇಕಡಾ 64 ಇತ್ತು, 2021-22ಕ್ಕೆ ಶೇಕಡಾ 39ಕ್ಕೆ ಇಳಿಯಿತು ಎಂದು ಸರಕಾರದ ಲೆಕ್ಕಪತ್ರ ಹೇಳುತ್ತದೆ. ಆ ಲೆಕ್ಕವನ್ನು ಒಪ್ಪಿಕೊಂಡರೂ, ನೂರು ರೂಪಾಯಿಯಲ್ಲಿ 39 ರೂಪಾಯಿ ರೋಗಿಯ ಮನೆಯಿಂದಲೇ ಬರಬೇಕು. 2025ರೊಳಗೆ ಜಿಡಿಪಿಯ ಶೇಕಡಾ 2.5ರಷ್ಟನ್ನು ಸರಕಾರ ಆರೋಗ್ಯಕ್ಕೆ ಖರ್ಚು ಮಾಡಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಬರೆದಿಟ್ಟಿತ್ತು. 2021-22ರಲ್ಲಿ, ಅದೂ ಕೋವಿಡ್ ಕಾಲದಲ್ಲಿ, ತಲುಪಿದ್ದು 1.84ಕ್ಕೆ.

ಕಾರ್ಡು ಎಂಬ ಯೋಚನೆ ಸರಕಾರಿ ಆಸ್ಪತ್ರೆಯ ಬಾಗಿಲನ್ನೂ ಹೇಗೆ ಮುಚ್ಚಬಲ್ಲದು ಎಂಬುದಕ್ಕೆ 2022ರ ನವೆಂಬರಿನ ತುಮಕೂರು ಸಾಕ್ಷಿ. ತಮಿಳುನಾಡಿನಿಂದ ಬಂದು ಅಲ್ಲಿ ನೆಲೆಸಿದ್ದ ತುಂಬು ಗರ್ಭಿಣಿಯೊಬ್ಬಳು ಹೆರಿಗೆ ನೋವು ತಿನ್ನುತ್ತ ಜಿಲ್ಲಾಸ್ಪತ್ರೆಗೆ ಬಂದಳು. ತಾಯಿ ಕಾರ್ಡು ಇಲ್ಲ, ಆಧಾರ್ ಕಾರ್ಡು ಇಲ್ಲ ಎಂದು ಆಕೆಯನ್ನು ಹಿಂದಕ್ಕೆ ಕಳುಹಿಸಿದರೆಂಬುದು ಸುದ್ದಿಯಾಯಿತು. ಮನೆಯಲ್ಲೇ ಅವಳಿ ಮಕ್ಕಳನ್ನು ಹೆತ್ತು, ತಾಯಿಯೂ ಇಬ್ಬರು ಕೂಸುಗಳೂ ತೀರಿಕೊಂಡರು. ಆಸ್ಪತ್ರೆಯ ಸಿಬ್ಬಂದಿ ಅಮಾನತಾದರು. ತುರ್ತು ಚಿಕಿತ್ಸೆ ನಿರಾಕರಿಸುವುದು ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟು 1996ರಲ್ಲೇ ಪಶ್ಚಿಮ ಬಂಗಾಳದ ಕೃಷಿಕೂಲಿಗಳ ಸಂಘದ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ಕಾರ್ಡಿನ ಷರತ್ತು ಇರಲಿಲ್ಲ.

ಇನ್ನು ಮಾರುಕಟ್ಟೆಯ ವೈದ್ಯಕೀಯ ಏನು ಮಾಡುತ್ತದೆ ಎಂಬುದನ್ನು ಕಲಬುರಗಿಯ ತಾಂಡಾಗಳ ಹೆಂಗಸರನ್ನು ಕೇಳಬೇಕು. 2015ರ ಸುಮಾರಿಗೆ ಅಲ್ಲಿನ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ಗರ್ಭಕೋಶ ತೆಗೆಯಲಾದ ಪ್ರಕರಣ ಬೆಳಕಿಗೆ ಬಂತು. ಅವರಲ್ಲಿ ಹೆಚ್ಚಿನವರು ಲಂಬಾಣಿ ಮತ್ತು ದಲಿತ ಹೆಂಗಸರು, ಅನೇಕರು ಮಧ್ಯವಯಸ್ಸನ್ನೂ ಮುಟ್ಟದವರು. ಅವರು ಬಂದದ್ದು ಬಿಳಿಸೆರಗು, ಹೊಟ್ಟೆನೋವು, ಸೊಂಟನೋವು ಎಂದು. ಈ ನೋವುಗಳ ಹಿಂದೆ ಬಿಸಿಲಿನ ದುಡಿಮೆ, ಸ್ನಾನಕ್ಕಿಲ್ಲದ ನೀರು, ಎಳೆ ವಯಸ್ಸಿನ ಮದುವೆ, ಬಡಕಲು ಮೈ ಎಲ್ಲ ಇರುತ್ತವೆ. ಅದನ್ನೆಲ್ಲ ಕೇಳುತ್ತ ಕುಳಿತರೆ ಬಿಲ್ಲು ಆಗುವುದಿಲ್ಲ. ಗರ್ಭಕೋಶ ತೆಗೆದರೆ ಆಗುತ್ತದೆ.

ಕಟ್ಟುವುದು ಸರಕಾರ, ಉಣ್ಣುವುದು ಯಾರು?

ಮತ್ತೆ ರಾಯಚೂರಿಗೆ ಬರೋಣ. ಅಲ್ಲಿ ದೊಡ್ಡ ಆಸ್ಪತ್ರೆ ಇರಲೇ ಇಲ್ಲವೆಂದಲ್ಲ. ಒಪೆಕ್ ನಿಧಿಯ ನೆರವಿನಿಂದ ಸರಕಾರ ಅಲ್ಲಿ 350 ಹಾಸಿಗೆಗಳ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕಟ್ಟಿತು. ಕಟ್ಟಡ, ಯಂತ್ರ, ನೆಲ ಎಲ್ಲ ಜನರದ್ದು. 2002ರಿಂದ ಹತ್ತು ವರ್ಷ ಅದನ್ನು ನಡೆಸಲು ಒಂದು ಕಾರ್ಪೊರೇಟ್ ಸಂಸ್ಥೆಗೆ ಒಪ್ಪಿಸಲಾಯಿತು. ಆರಂಭದ ವರ್ಷಗಳ ನಷ್ಟವನ್ನು ಸರಕಾರವೇ ತುಂಬಿಕೊಡುವ ಒಪ್ಪಂದ. ಹಿಂದುಳಿದ ಜಿಲ್ಲೆಯ ಬಡವರಿಗೆ ಇನ್ನು ಬೆಂಗಳೂರು, ಹೈದರಾಬಾದಿಗೆ ಅಲೆಯುವುದು ತಪ್ಪಿತು ಎಂದರು. 2012ರಲ್ಲಿ ಗುತ್ತಿಗೆ ಮುಗಿದು ಆಸ್ಪತ್ರೆ ಸರಕಾರಕ್ಕೆ ಮರಳಿತು. ಇದಾಗಿ ಹತ್ತು ವರ್ಷಕ್ಕೆ ಅದೇ ಊರಿನ ಜನ ಏಮ್ಸ್ ಕೊಡಿ ಎಂದು ರಸ್ತೆಬದಿ ಕುಳಿತರು. 'ಸಹಭಾಗಿತ್ವ' ಅವರಿಗೆ ಏನು ಕೊಟ್ಟಿತೆಂಬುದಕ್ಕೆ ಇದಕ್ಕಿಂತ ಬೇರೆ ವರದಿ ಬೇಕಿಲ್ಲ.

ಹೀಗಿದ್ದೂ ಅದೇ ಮದ್ದನ್ನು ಮತ್ತೆ ಮತ್ತೆ ಬರೆದುಕೊಡಲಾಗುತ್ತಿದೆ. 2025ರಲ್ಲಿ ವಿಜಯಪುರದ ಜನ, ಖಾಸಗಿ ಸಹಭಾಗಿತ್ವದ ಮೆಡಿಕಲ್ ಕಾಲೇಜು ಬೇಡ, ಪೂರ್ತಿ ಸರಕಾರಿ ಕಾಲೇಜೇ ಬೇಕೆಂದು ತಿಂಗಳುಗಟ್ಟಲೆ ಧರಣಿ ಕುಳಿತರು. ದಕ್ಷಿಣ ಕನ್ನಡದಲ್ಲಿ ಖಾಸಗಿ ಮೆಡಿಕಲ್ ಕಾಲೇಜುಗಳ ಸಾಲೇ ಇದೆ. ಸರಕಾರಿ ಕಾಲೇಜಿನ ಘೋಷಣೆ ಪುತ್ತೂರಿಗೆ ಬಂದದ್ದು 2025ರ ಬಜೆಟ್ಟಿನಲ್ಲಿ. 1848ರ ವೆನ್ಲಾಕ್ ಸರಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ಖಾಸಗಿ ಕಾಲೇಜಿನ ವಿದ್ಯಾರ್ಥಿಗಳು ದಶಕಗಳಿಂದ ವೈದ್ಯಕೀಯ ಕಲಿತಿದ್ದಾರೆ. ಬಡವರ ದೇಹದ ಮೇಲೆ ಕಲಿತವರಲ್ಲಿ ಎಷ್ಟು ಮಂದಿ ಬಡವರ ಊರಿಗೆ ಹೋದರು?

2017ರಲ್ಲಿ ಖಾಸಗಿ ಆಸ್ಪತ್ರೆಗಳ ದರ ನಿಯಂತ್ರಿಸುವ, ರೋಗಿಯ ದೂರು ಆಲಿಸುವ ಮಸೂದೆಯನ್ನು ಕರ್ನಾಟಕ ಸರಕಾರ ತಂದಾಗ ಏನಾಯಿತೆಂಬುದು ನೆನಪಿರಲಿ. ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಚಿಕಿತ್ಸೆ ಸಿಗದೆ ಜನ ಸತ್ತ ಸುದ್ದಿಗಳು ಬಂದವು. ಸರಕಾರ ಮಣಿಯಿತು. ಕೊನೆಗೆ ಪಾಸಾದ ಕಾನೂನಿನಲ್ಲಿ ದರದ ಮಿತಿ ಸರಕಾರಿ ಯೋಜನೆಗಳ ರೋಗಿಗಳಿಗಷ್ಟೇ ಉಳಿಯಿತು. ಇತ್ತ 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಕಳೆದದ್ದು ತಿಂಗಳಿಗೆ ಕಡೇಪಕ್ಷ ಹತ್ತು ಸಾವಿರ ರೂಪಾಯಿಯ ಭರವಸೆಗಾಗಿ. ಗರ್ಭಿಣಿಯ ಮನೆಬಾಗಿಲಿಗೆ ಹೋಗುವವಳಿಗೆ ಸಂಬಳವೂ ಇಲ್ಲ, ಗೌರವಧನ. ಯಾರ ಮುಷ್ಕರಕ್ಕೆ ಪ್ರಭುತ್ವ ಬೆದರುತ್ತದೆ, ಯಾರ ಮುಷ್ಕರವನ್ನು ಕಾಯಿಸುತ್ತದೆ ಎಂಬುದರಲ್ಲೇ ನಮ್ಮ ಆರೋಗ್ಯ ನೀತಿ ಇದೆ.

ಸರಕಾರಿ ಆಸ್ಪತ್ರೆಗಳು ಸರಿಯಿಲ್ಲವಲ್ಲ ಎಂದು ಕೇಳುವವರಿದ್ದಾರೆ. ನಿಜ, ಸರಿಯಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು. ಅವರಿಗೆ ಏರಿಸಿದ ಗ್ಲೂಕೋಸ್ ಬಾಟಲಿಗಳಂಥ ದ್ರಾವಣದ ಮೇಲೆ ಸಂಶಯ ಬಂತು. ಆ ದ್ರಾವಣ ತಯಾರಿಸಿದ್ದು ಖಾಸಗಿ ಕಂಪೆನಿ. ಅದನ್ನು ಕೊಂಡದ್ದು, ಪರೀಕ್ಷಿಸಿ ತಡೆಯಬೇಕಾಗಿದ್ದದ್ದು ಸರಕಾರ. ಆ ಬಾಣಂತಿಯರ ಸಾವಿಗೆ ಉತ್ತರ ಕೇಳಲು ನಮಗೆ ಹಕ್ಕಿದೆ, ಏಕೆಂದರೆ ಅದು ನಮ್ಮ ಆಸ್ಪತ್ರೆ. ವಿಧಾನಸಭೆಯಲ್ಲಿ ಪ್ರಶ್ನೆ ಎತ್ತಬಹುದು, ಮಂತ್ರಿಯನ್ನು ಅಡ್ಡಗಟ್ಟಿ ಕೇಳಬಹುದು. ಖಾಸಗಿ ಆಸ್ಪತ್ರೆಯಲ್ಲಿ ಸತ್ತರೆ ಬಿಲ್ಲು ಕಟ್ಟಿ ಹೆಣ ಬಿಡಿಸಿಕೊಂಡು ಬರಬೇಕು. ಸೋರುವ ಮನೆಗೆ ಹೆಂಚು ಹೊದಿಸಬೇಕೇ ಹೊರತು ಮನೆಯನ್ನೇ ಗುತ್ತಿಗೆಗೆ ಕೊಡುವುದಲ್ಲ.

ನಮ್ಮೊಳಗಿನ ಮಾತು

ಈಗ ಸಮುದಾಯದ ಒಳಗಿನ ಒಂದು ಮಾತನ್ನೂ ಆಡಬೇಕು. ನಮ್ಮ ಸಂಘಟನೆಗಳು ಉಚಿತ ಆರೋಗ್ಯ ಶಿಬಿರ ನಡೆಸುತ್ತವೆ, ಆ್ಯಂಬುಲೆನ್ಸ್ ಓಡಿಸುತ್ತವೆ, ಝಕಾತ್ ಹಣದಿಂದ ಡಯಾಲಿಸಿಸ್ ಮಾಡಿಸುತ್ತವೆ. ಕೋವಿಡ್ ಕಾಲದಲ್ಲಿ ಜಾತಿಧರ್ಮ ನೋಡದೆ ಹೆಣಗಳಿಗೆ ಹೆಗಲು ಕೊಟ್ಟ ಹುಡುಗರನ್ನು ಈ ನಾಡು ಕಂಡಿದೆ. ಸೋಂಕಿಗೂ ಧರ್ಮದ ಹೆಸರಿಟ್ಟು ಹೀಯಾಳಿಸಿದ 2020ರ ಆ ದಿನಗಳಲ್ಲಿ ಅದು ದೊಡ್ಡ ಉತ್ತರವಾಗಿತ್ತು. ಇದನ್ನೆಲ್ಲ ಕಡೆಗಣಿಸುವ ಉದ್ದೇಶ ಈ ಲೇಖನಕ್ಕಿಲ್ಲ.

ಆದರೆ ದಾನ ಹಕ್ಕಿನ ಜಾಗವನ್ನು ತುಂಬಲಾರದು. ವರ್ಷಕ್ಕೊಮ್ಮೆ ಶಾಮಿಯಾನ ಹಾಕಿ ಸಕ್ಕರೆ ಪರೀಕ್ಷೆ ಮಾಡಿಸಿ, ಅತಿಥಿಗಳಿಗೆ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡರೆ ಸಾಲದು. ಆ ಶಾಮಿಯಾನದ ಪಕ್ಕದಲ್ಲೇ ಹರಿಯುವ ತೆರೆದ ಚರಂಡಿಯ ಬಗ್ಗೆ ನಮ್ಮ ಜಮಾಅತ್ ಕಮಿಟಿ ಕೊನೆಯ ಬಾರಿ ನಗರಸಭೆಗೆ ಅರ್ಜಿ ಕೊಟ್ಟದ್ದು ಯಾವಾಗ? ನಮ್ಮ ವಾರ್ಡಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕೆಂದು ಎಷ್ಟು ಸಲ ಬೀದಿಗಿಳಿದಿದ್ದೇವೆ? ಪಕ್ಕದ ದಲಿತ ಕೇರಿಯೂ ಅದೇ ನೀರು ಕುಡಿಯುತ್ತದೆ. ಅವರ ಜೊತೆ ಸೇರಿ ಕೇಳಿದ್ದೇವೆಯೇ? ನಮ್ಮ ಶ್ರೀಮಂತರೂ ಉಳಿದ ಶ್ರೀಮಂತರಂತೆ ಮೆಡಿಕಲ್ ಸೀಟಿನ, ಆಸ್ಪತ್ರೆ ಕಟ್ಟಡದ ಲೆಕ್ಕದಲ್ಲೇ ಪ್ರಗತಿಯನ್ನು ಅಳೆಯುತ್ತಾರೆ. ಸಮುದಾಯದ ಹೆಸರಿನ ಆಸ್ಪತ್ರೆಯ ಬಿಲ್ಲಿನಲ್ಲಿ ಸಮುದಾಯದ ಬಡವನಿಗೆ ಎಷ್ಟು ಕಡಿಮೆಯಾಗಿದೆ ಎಂದು ಕೇಳುವ ಧೈರ್ಯವೂ ನಮಗೆ ಬೇಕು.

ಕೇಳಬೇಕಾದದ್ದು

ಸಾರ್ವಜನಿಕ ಆರೋಗ್ಯದ ತತ್ವಗಳನ್ನು ಹೊಸದಾಗಿ ಬರೆಯಬೇಕಾಗಿಲ್ಲ. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ, ಹಣ ಕೊಡಲಾರದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದಿತು. ಚಿಕಿತ್ಸೆಯ ಜೊತೆಗೇ ರೋಗ ತಡೆಯುವ ಕೆಲಸವೂ ಹಳ್ಳಿಯ ಹತ್ತಿರವೇ ನಡೆಯಬೇಕು ಎಂದಿತು. 1978ರಲ್ಲಿ ಅಲ್ಮಾ ಆಟಾದಲ್ಲಿ ಸೇರಿದ ರಾಷ್ಟ್ರಗಳು ಪ್ರಾಥಮಿಕ ಆರೈಕೆಯಲ್ಲಿ ಆಹಾರ, ಶುದ್ಧ ನೀರು, ನೈರ್ಮಲ್ಯಗಳನ್ನು ಸೇರಿಸಿ 'ಎಲ್ಲರಿಗೂ ಆರೋಗ್ಯ' ಎಂದವು. ಜನರ ಪೌಷ್ಟಿಕತೆ ಮತ್ತು ಆರೋಗ್ಯದ ಸುಧಾರಣೆ ಪ್ರಭುತ್ವದ ಆದ್ಯ ಕರ್ತವ್ಯ ಎಂದು ನಮ್ಮ ಸಂವಿಧಾನದ 47ನೇ ವಿಧಿ ಹೇಳುತ್ತದೆ. ವೇಲ್ಸಿನ ಗಣಿಕಾರ್ಮಿಕರ ನಡುವೆ ದುಡಿದ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಎಚ್ಚರಿಸಿದ್ದ: ಎಲ್ಲಿ ರೋಗ ಹೆಚ್ಚೋ ಅಲ್ಲಿ ವೈದ್ಯರು ಕಡಿಮೆ, ಮಾರುಕಟ್ಟೆಗೆ ಬಿಟ್ಟಷ್ಟೂ ಈ ಅನ್ಯಾಯ ಹೆಚ್ಚು. ದೇವದುರ್ಗದಲ್ಲಿ ತಜ್ಞ ವೈದ್ಯರನ್ನು ಹುಡುಕಿಕೊಂಡು ಹೋದವರಿಗೆ ಈ ಮಾತಿನ ಅರ್ಥ ಗೊತ್ತು.

ಆದುದರಿಂದ ಚುನಾವಣೆಯ ಹೊತ್ತಿಗೆ ಮತ ಕೇಳಲು ಬರುವವರು ಕಾರ್ಡು ತೋರಿಸಿದರೆ, ಕಾರ್ಡನ್ನು ತೆಗೆದುಕೊಳ್ಳಿ. ಅದು ನಿಮ್ಮ ತೆರಿಗೆಯ ಹಣ, ಬಿಡಬೇಕಾಗಿಲ್ಲ. ಆಮೇಲೆ ಅವರನ್ನು ನಿಮ್ಮ ಬೀದಿಯ ಕೊನೆಯವರೆಗೆ ನಡೆಸಿಕೊಂಡು ಹೋಗಿ. ನೀರಿನ ತೊಟ್ಟಿಯನ್ನು ಕಡೆಯ ಸಲ ತೊಳೆದದ್ದು ಯಾವ ತಾರೀಕಿಗೆ, ನೀರಿನ ಪರೀಕ್ಷೆಯ ವರದಿ ಎಲ್ಲಿ ಎಂದು ಕೇಳಿ. ಅಂಗನವಾಡಿಯಲ್ಲಿ ಮಕ್ಕಳನ್ನು ತೂಕ ಮಾಡಿದ ಪುಸ್ತಕ ತೆರೆಸಿ ನೋಡಿ. ಪಿಎಚ್‌ಸಿಯ ಡಾಕ್ಟರ ಹುದ್ದೆ ಎಷ್ಟು ವರ್ಷದಿಂದ ಖಾಲಿ, ಸಕ್ಕರೆ ಕಾಯಿಲೆಯ ಮಾತ್ರೆ ಎಷ್ಟು ತಿಂಗಳಿಂದ ಇಲ್ಲ ಎಂದು ಕೇಳಿ. ರಾಜಸ್ಥಾನ 2023ರಲ್ಲಿ ಖಾಸಗಿ ವೈದ್ಯರ ಮುಷ್ಕರವನ್ನು ಎದುರಿಸಿಯೂ ಆರೋಗ್ಯದ ಹಕ್ಕಿನ ಕಾನೂನು ಮಾಡಿತು. ಕರ್ನಾಟಕದ್ದು ಎಲ್ಲಿ ಎಂದು ಕೇಳಿ.

ಇಷ್ಟು ಕೇಳಲು ವೈದ್ಯಕೀಯ ಓದಿರಬೇಕಾಗಿಲ್ಲ. ಆ ನೀರನ್ನು ದಿನವೂ ಕುಡಿಯುವವರಾಗಿದ್ದರೆ ಸಾಕು.